ಈರಬಸಪ್ಪ ಕಾಕಾನ ಜರ್ಮನ್ ರಾಜಕುಮಾರ

ಶಲವಡಿಯ ಹೈಸ್ಕೂಲಿಗೆ ಇಂಗ್ಲಿಷ್ ಮಾಸ್ತರನಾಗಿ ನಾನು ಬಂದದ್ದು ೧೯೮೧ರ ಜೂನಿನಲ್ಲಿ. ಒಂಟಿ ಮನುಷ್ಯ, ಒಂದು ಟ್ರಂಕು, ಒಂದು ಸ್ಟೋವು. ಹಾಲು ಕಾಸಲು ಪಾತ್ರೆ ತರುವುದನ್ನು ಮರೆತಿದ್ದೆ. ಹುಲಿಗೆಪ್ಪನ ಚಹಾದಂಗಡಿಯಲ್ಲಿ ಕೂತಿದ್ದಾಗ ಯಾರೋ ‘ಜರ್ಮನ್ ಈರಬಸಪ್ಪ’ ಅಂದದ್ದು ಕಿವಿಗೆ ಬಿತ್ತು. ನಮ್ಮ ಧಾರವಾಡ ಸೀಮೆಯಲ್ಲಿ ಅಲ್ಯುಮಿನಿಯಂಗೆ ಜರ್ಮನ್ ಎನ್ನುತ್ತಾರೆ: ಜರ್ಮನ್ ಗಂಗಾಳ, ಜರ್ಮನ್ ಪಾತೇಲಿ, ಜರ್ಮನ್ ಡಬ್ಬಿ. ಪಾತ್ರೆ ಮಾರುವವರೇ ಇರಬೇಕೆಂದು ಮನೆ ಕೇಳಿಕೊಂಡು ಹೋದೆ.

ಬಾಗಿಲಿಗೆ ಬಂದವರು ಹೆಂಡತಿ ಶಿವಗಂಗವ್ವ. ಎತ್ತರದ ಹೆಂಗಸು, ಹಣೆಯ ಮೇಲೆ ದಪ್ಪ ವಿಭೂತಿ.

“ಒಂದು ಸಣ್ಣ ಜರ್ಮನ್ ಪಾತೇಲಿ ಬೇಕಾಗಿತ್ರಿ,” ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಪಾತೇಲಿ ಇಲ್ರಿ ನಮ್ಮಲ್ಲಿ. ಜರ್ಮನ್ ರಾಜಕುಮಾರ ಒಬ್ಬಾ ಅದಾನ. ಮೂವತ್ತೈದು ವರ್ಷದಿಂದ ಮನ್ಯಾಗ ಬಿದ್ದಾನ, ಬೇಕಾದ್ರ ಒಯ್ರಿ.”

ಒಳಗಿನಿಂದ ಈರಬಸಪ್ಪ ಕಾಕಾ ನಗುತ್ತ ಹೊರಗೆ ಬಂದರು. ಅರವತ್ತರ ವಯಸ್ಸು, ಬಿಳಿಯ ಮೀಸೆ, ಕೈಗಳು ಮಾತ್ರ ಇನ್ನೂ ಲಾರಿಯ ಸ್ಟಿಯರಿಂಗ್ ಚಕ್ರ ಹಿಡಿದ ಹಾಗೆ ಸ್ವಲ್ಪ ಅಗಲವಾಗಿಯೇ ಇರುತ್ತಿದ್ದವು. ನನ್ನನ್ನು ಕಟ್ಟೆಯ ಮೇಲೆ ಕೂರಿಸಿದರು. ಪಾತ್ರೆ ಕೇಳಲು ಹೋದವನು ಆ ದಿನ ಕತ್ತಲಾಗುವವರೆಗೆ ಒಬ್ಬ ಜರ್ಮನ್ ರಾಜಕುಮಾರನ ಬಾಲ್ಯ, ವಿದ್ಯಾಭ್ಯಾಸ, ಯುದ್ಧಗಳನ್ನೆಲ್ಲ ಕೇಳಿ ಬಂದೆ. ಬರುವಾಗ ಶಿವಗಂಗವ್ವ ತಮ್ಮದೇ ಒಂದು ಪಾತೇಲಿ ಕೈಯಲ್ಲಿಟ್ಟು, “ಅಷ್ಟೊತ್ತು ಕೇಳಿದ್ರಲ್ಲ, ತಗೊಳ್ರಿ,” ಎಂದರು.

ನನಗೆ ಮೊದಲಿನಿಂದಲೂ ಬುರುಡೆ ಬಿಡುವವರನ್ನು ಕಂಡರೆ ಆಗದು. ವ್ಯಾಕರಣ ಕಲಿಸುವವನ ಚಟ ಅದು. ಯಾರು ಬಾಯಿ ತೆರೆದರೂ ತಪ್ಪು ಎಲ್ಲಿದೆ ಎಂದು ಹುಡುಕುವುದು. ಕಾಕಾನ ಕತೆಯಲ್ಲೂ ಹುಡುಕಿದೆ. ಸಿಗಲಿಲ್ಲ. ಹತ್ತು ಸಲ ಕೇಳಿದರೂ ಒಂದು ಎಳೆ ಬದಲಾಗುತ್ತಿರಲಿಲ್ಲ. ಸುಳ್ಳು ಹೇಳುವವರಿಗೆ ಅಷ್ಟು ನೆನಪು ಇರುವುದಿಲ್ಲ ಎಂಬುದು ಹಿಂದಿನ ಬೆಂಚಿನ ಹುಡುಗರಿಂದ ನಾನು ಕಲಿತ ಪಾಠ.

ಕಾಕಾ ದಂಡಿಗೆ ಸೇರಿದ ರೀತಿ ಕೇಳಿದರೆ ಯಾರಿಗಾದರೂ ನಗು ಬರಬೇಕು. ೧೯೪೧ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ಅಪ್ಪನ ಜೊತೆ ಚಕ್ಕಡಿಯಲ್ಲಿ ಹತ್ತಿ ಹೇರಿಕೊಂಡು ಹುಬ್ಬಳ್ಳಿಗೆ ಹೋದರು. ಅಲ್ಲಿ ಭರ್ತಿ ಮಾಡಿಕೊಳ್ಳುವವರ ಹಸಿರು ಲಾರಿ ನಿಂತಿತ್ತು. ಅಪ್ಪ ದಲಾಲರ ಜೊತೆ ಜಗಳಾಡುತ್ತಿದ್ದಾಗ ಮಗ ಲಾರಿ ಹತ್ತಿ ಚಕ್ರ ಹಿಡಿದು ಕೂತುಬಿಟ್ಟರು. ಹವಾಲ್ದಾರ ಬಂದು, “ಇಳೀತೀಯೋ, ಸೇರತೀಯೋ?” ಎಂದು ಕೇಳಿದ. ಇಳಿಯಲು ಮನಸ್ಸಾಗಲಿಲ್ಲವಂತೆ. ಮೊದಲ ಆರು ತಿಂಗಳು ಲಾರಿಗೂ ಎತ್ತಿಗೆ ಹೇಳುವಂತೆ “ಹೋ, ಹೋ” ಎನ್ನುತ್ತಲೇ ಬ್ರೇಕು ಒತ್ತುತ್ತಿದ್ದರು.

ಆಗ ಮದುವೆಯಾಗಿ ಎಂಟು ತಿಂಗಳು. ಶಿವಗಂಗವ್ವನಿಗೆ ಹದಿನೈದು. ಮೊದಲ ವರ್ಷ ಎರಡು ಕಾಗದ ಬಂದವು. ಆಮೇಲೆ ನಾಲ್ಕು ವರ್ಷ ಏನೂ ಇಲ್ಲ. ಕಾಕಾ ಸತ್ತಿದ್ದಾರೆಂದು ಊರಿನವರು ತೀರ್ಮಾನಿಸಿದರು. ಬಳೆ ಒಡೆಸುವ ಮಾತನ್ನೂ ಆಡಿದರು. ಈ ಹುಡುಗಿ, “ಹೆಣಾ ತೋರಸ್ರಿ, ಆಮ್ಯಾಲ ಬಳಿ ಮುಟ್ರಿ,” ಎಂದು ಅತ್ತೆಯ ಎದುರಿಗೇ ಹೇಳಿ ಹೊಲಕ್ಕೆ ನಡೆದಳಂತೆ. ೧೯೪೬ರಲ್ಲಿ ಗಂಡ ಅಣ್ಣಿಗೇರಿ ಸ್ಟೇಷನ್ನಿನಲ್ಲಿ ಇಳಿದು ನಡೆದುಕೊಂಡು ಮನೆಗೆ ಬಂದರು. ಮುಖ ತೊಳೆದು ಊಟಕ್ಕೆ ಕೂತು, ಮೊದಲ ತುತ್ತಿಗೇ ಶುರು ಮಾಡಿದರು: “ಗಂಗಿ, ಅಲ್ಲಿ ನನಗ ಒಬ್ಬ ಅರಸನ ಮಗಾ ಕೈಯಾರೆ ಮಾಡಿ ಹಾಕಿದಾ ನೋಡ.”

ಶಿವಗಂಗವ್ವ ಎದ್ದು ಒಳಗೆ ಹೋದರು. ಅಂದಿನಿಂದ ಒಂದು ದಿನವೂ ಆ ಕತೆಗೆ ‘ಹೌದು’ ಎನ್ನಲಿಲ್ಲ.

ಕಾಕಾನ ಕೊರಗು ಇಷ್ಟೇ. ಇಡೀ ಊರು ನಂಬಿತ್ತು, ಬಂದ ಬೀಗರು ನಂಬಿದ್ದರು. ಮನೆಯಲ್ಲಿ ರೊಟ್ಟಿ ಬಡಿಯುವ ಒಬ್ಬರು ಮಾತ್ರ ನಂಬಿರಲಿಲ್ಲ. “ಮಾಸ್ತರ, ಊರ ಮಂದಿ ಹೌದು ಅಂದ್ರ ಏನ ಬಂತ್ರಿ,” ಎನ್ನುತ್ತಿದ್ದರು. “ಅಕಿ ಒಂದ ಸಲ ಹೌದು ಅನ್ನಲಿ, ಸಾಕು. ಸಾಯೂದ್ರಾಗ ಒಂದ ಸಲ.” ತಮಾಷೆಯ ದನಿಯಲ್ಲೇ ಹೇಳುತ್ತಿದ್ದರು, ಆದರೆ ಅದು ತಮಾಷೆಯಲ್ಲ ಎಂದು ನನಗೆ ಗೊತ್ತಿತ್ತು.

ಇನ್ನು ಆ ಕತೆ. ಶಲವಡಿಯಲ್ಲಿ ಹುಟ್ಟಿ ಬೆಳೆದ ಯಾರನ್ನು ಕೇಳಿದರೂ ಹೇಳುತ್ತಾರೆ. ನಾನು ಚಿಕ್ಕದಾಗಿ ಹೇಳುತ್ತೇನೆ.

೧೯೪೩ರ ಮೇ ತಿಂಗಳು, ಆಫ್ರಿಕಾದ ಟ್ಯುನಿಸ್ ಊರಿನ ಸಮೀಪ. ಜರ್ಮನರು ಸಾವಿರಗಟ್ಟಲೆ ಶರಣಾಗಿದ್ದರು. ಕಾಕಾನ ಲಾರಿಯಲ್ಲಿ ಹಿಟ್ಟಿನ ಚೀಲಗಳು, ಚೀಲಗಳ ಮೇಲೆ ಕಾಲಿಗೆ ಪೆಟ್ಟಾದ ಒಬ್ಬ ಕೈದಿ. ಇಂಗ್ಲಿಷ್ ಸಾರ್ಜೆಂಟ್ ಹಾಜರಿ ತೆಗೆದುಕೊಳ್ಳುವಾಗ ಅವನನ್ನು “ಪ್ರಿನ್ಸ್!” ಎಂದು ಕೂಗಿದ. ಕೈದಿ ಕೈ ಎತ್ತಿದ. ಕಾಕಾನಿಗೆ ಆ ಶಬ್ದ ಗೊತ್ತಿತ್ತು, ಏಕೆಂದರೆ ಅವರ ಪಲ್ಟಣದಲ್ಲಿ ಒಂದು ಸಂಸ್ಥಾನದ ರಾಜಕುಮಾರ ಇದ್ದ, ಅವನನ್ನೂ ಸಾಹೇಬರು ಹಾಗೇ ಕರೆಯುತ್ತಿದ್ದರು. ಗುಡ್ಡದ ದಾರಿಯಲ್ಲಿ ಲಾರಿಯ ಅಚ್ಚು ಮುರಿಯಿತು. ಮುಂದಿನ ಲಾರಿಗಳು ಹೊರಟುಹೋದವು. ಮಿಸ್ತ್ರಿ ಬರುವವರೆಗೆ ಇಲ್ಲೇ ಇರು ಎಂದು ಹೇಳಿ ಹೋದರು. ಕುಂಟುವ ಕೈದಿ ಎಲ್ಲಿ ಓಡಿಯಾನು ಎಂದು ಕಾವಲಿಗೂ ಯಾರನ್ನೂ ಬಿಡಲಿಲ್ಲ. ಮಿಸ್ತ್ರಿ ಬಂದದ್ದು ನಾಲ್ಕನೆಯ ದಿನ.

“ಮೂರು ದಿನಾ, ಅವಾ, ನಾನು, ಹಿಟ್ಟು,” ಎನ್ನುತ್ತಿದ್ದರು ಕಾಕಾ. “ಅವಗ ನಾಕ ಇಂಗ್ಲಿಷ್ ಶಬ್ದ ಬರ್ತಿದ್ವು, ನನಗೂ ನಾಕ ಬರ್ತಿದ್ವು. ಆದ್ರ ಅವನ ನಾಕು ಬ್ಯಾರೆ, ನನ್ನ ನಾಕು ಬ್ಯಾರೆ.”

ಆದ್ದರಿಂದ ರಾಜಕುಮಾರ ತನ್ನ ಜೀವನವನ್ನು ಪೆನ್ಸಿಲ್ಲಿನಿಂದ ಚಿತ್ರ ಬರೆದು ಹೇಳಿದ. ಅವನ ಅರಮನೆಗೆ ಒಂದು ಎತ್ತರದ ಗೋಪುರ. ಬೆಳಗಿನ ಜಾವ ಅರಮನೆಯ ಬಾಗಿಲಲ್ಲಿ ಪ್ರಜೆಗಳ ಸಾಲು, ಕೈಯಲ್ಲಿ ಬುಟ್ಟಿ ಹಿಡಿದು ದರ್ಶನಕ್ಕೆ ಕಾದವರು. ತಲೆಯ ಮೇಲೆ ಬಿಳಿಯ ಎತ್ತರದ ಕಿರೀಟ. ವಂಶದ ಮುದ್ರೆ ಅಂದರೆ ಎರಡು ಸಿಂಹ, ನೆತ್ತಿಯಲ್ಲಿ ಕಿರೀಟ, ನಡುವೆ ಸುರುಳಿ ಸುತ್ತಿದ ಸರ್ಪ. ಆರನೆಯ ವಯಸ್ಸಿನಿಂದ ಅಪ್ಪ ಅವನನ್ನು ಬೆಳಗಿನ ಮೂರಕ್ಕೆ ಎಬ್ಬಿಸುತ್ತಿದ್ದ. “ಅರಸರ ಶಿಸ್ತು ನೋಡ್ರಿ,” ಎಂದು ಹುಲಿಗೆಪ್ಪನ ಅಂಗಡಿಯಲ್ಲಿ ಎಲ್ಲರೂ ತಲೆದೂಗುತ್ತಿದ್ದರು.

ದಂಡಿನಲ್ಲಿ ಅವನದು ಬೆಂಕಿ ಪಲ್ಟಣ. ಕೈಕೆಳಗೆ ಆರು ತೋಫು, ಒಂದೊಂದಕ್ಕೂ ಚಕ್ರ, ಒಂದೊಂದರ ಹೊಟ್ಟೆಯಲ್ಲೂ ಬೆಂಕಿ. ಚಿತ್ರದಲ್ಲಿ ತೋಫಿನ ಬಾಯಿಂದ ದುಂಡನೆಯ ಗುಂಡುಗಳು ಸಾಲಾಗಿ ಹೊರಬರುತ್ತಿದ್ದವು. ದಿನಕ್ಕೆ ಎಷ್ಟು ಎಂದು ಕಾಕಾ ಕೇಳಿದ್ದಕ್ಕೆ ಅವನು ಒಂದು ಸಾವಿರ ಎಂದು ಬರೆದು ತೋರಿಸಿದ. ಪೋಲೆಂಡಿನಲ್ಲೂ ಫ್ರಾನ್ಸಿನಲ್ಲೂ ಆ ತೋಫುಗಳ ಜೊತೆಗೇ ಸಾಗಿದ್ದ. ಆಫ್ರಿಕಾದಲ್ಲಿ ವಿಮಾನ ಬಂದು ಬಾಂಬು ಹಾಕಿ ಆರೂ ತೋಫು ಪುಡಿಯಾದವು, ಅವನ ಕಾಲಿಗೂ ಪೆಟ್ಟಾಯಿತು. ಕಾಲಿಗಾಗಿ ಅವನು ಅಳಲಿಲ್ಲ, ತೋಫಿಗಾಗಿ ಅತ್ತ. ಈ ಭಾಗ ಬಂದಾಗ ಹುಲಿಗೆಪ್ಪ ಸ್ಟೋವಿಗೆ ಗಾಳಿ ಹೊಡೆಯುವುದನ್ನು ಬಿಟ್ಟು ಕೇಳುತ್ತಿದ್ದ.

ಎಲ್ಲಕ್ಕಿಂತ ಊರಿಗೆ ಹಿಡಿಸಿದ್ದು ಊಟದ ಪ್ರಸಂಗ. ರಾಜಕುಮಾರ ಲಾರಿಯ ಹಿಟ್ಟನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿ ಮುಖ ಕಿವಿಚಿದ. ಆದರೂ ನಾದಿದ. ಪೆಟ್ರೋಲಿನ ಡಬ್ಬಿ ಕೊಯ್ದು, ನೆಲದಲ್ಲಿ ತಗ್ಗು ತೋಡಿ, ಕಲ್ಲು ಕಾಯಿಸಿ ಒಲೆ ಮಾಡಿದ. ಒಳಗೆ ಬರಿಗೈ ಹಾಕಿ ಬಿಸಿ ನೋಡಿದ. “ಅಂಥಾ ಬ್ರೆಡ್ ನಾ ಆ ಮುಂಚೇನೂ ತಿಂದಿಲ್ಲ, ಆಮ್ಯಾಲೂ ತಿಂದಿಲ್ಲ. ಅರಸನ ಮಗಾ ಮೊದಲಿನ ತುಂಡ ನನಗ ಕೊಟ್ಟಾ, ತಾ ಆಮ್ಯಾಲ ತಿಂದಾ.” ಸರಕಾರದ ಹಿಟ್ಟು ತಿಂದದ್ದನ್ನು ಕಾಕಾ ಮುಚ್ಚಿಡಲಿಲ್ಲ. ಯಾರೂ ಕೇಳದಿದ್ದರೂ ತಾವೇ ಸಾಹೇಬರ ಮುಂದೆ ನಿಂತು ಹೇಳಿದರು. ಹದಿನೈದು ದಿನ ಹೆಚ್ಚಿನ ಕೆಲಸದ ಶಿಕ್ಷೆಯಾಯಿತು. ಅದನ್ನೂ ಕತೆಯಲ್ಲಿ ಬಿಡುತ್ತಿರಲಿಲ್ಲ.

ಬೀಳ್ಕೊಡುವಾಗ ರಾಜಕುಮಾರ ಚಿತ್ರಗಳ ಹಾಳೆಯ ಕೆಳಗೆ ನಾಲ್ಕು ಸಾಲು ಬರೆದು ಕೊಟ್ಟ. ಆ ಹಾಳೆಯನ್ನು ಕಾಕಾ ಒಂದು ಡಬ್ಬಿಯಲ್ಲಿ ಇಟ್ಟಿದ್ದರು. ಅಕ್ಷರಗಳು ಹಳೆಯ ಜರ್ಮನ್ ಬರಹದವು, ಹೊಲಿಗೆ ಮಷಿನ್ನಿನ ದಾರ ಸಿಕ್ಕಾದ ಹಾಗೆ. ನನ್ನ ಕೈಗೆ ಕೊಟ್ಟಾಗ ಒಂದೇ ಶಬ್ದ ಓದಲು ಬಂತು. ‘ಪ್ರಿನ್ಸ್’ ಎಂದೇ ಇತ್ತು, ಕೊನೆಯ ಅಕ್ಷರ ಮಾತ್ರ ಇಂಗ್ಲಿಷಿನ ಪ್ರಕಾರ ತಪ್ಪು. “ಶಬ್ದ ಖರೇ ಐತಿ, ಸ್ಪೆಲ್ಲಿಂಗ್ ತಪ್ಪೈತಿ,” ಎಂದು ನಾನು ಇಡೀ ಅಂಗಡಿಗೆ ಕೇಳುವಂತೆ ಪ್ರಮಾಣಪತ್ರ ಕೊಟ್ಟೆ. ಇಂಗ್ಲಿಷ್ ಮಾಸ್ತರನ ಮಾತು, ಊರಿಗೆ ಅದೇ ಕೊನೆಯ ಮಾತಾಯಿತು.

“ಒಂದು ಕಾಗದ ಯಾಕ ಬರೀಲಿಲ್ರಿ ಅವಗ?” ಎಂದು ಕೇಳಿದೆ.

“ಅರಮನಿಗೆ ನಮ್ಮಂಥಾವರು ಏನಂತ ಬರೀಬೇಕ್ರಿ?” ಎಂದರು ಕಾಕಾ. “ಬಾಗಿಲಾಗಿನ ಸಿಪಾಯಿನ ಹರದ ಒಗದಾನು.”

ಯುದ್ಧ ಮುಗಿದ ಮೇಲೆ ಅವರ ಜೀವನದಲ್ಲಿ ಅರಸರೇನೂ ಬರಲಿಲ್ಲ. ಅಣ್ಣಿಗೇರಿಯ ಹತ್ತಿ ಕಾರಖಾನೆಯ ಲಾರಿಯನ್ನು ಮೂವತ್ತು ವರ್ಷ ಓಡಿಸಿದರು. ಒಬ್ಬಳೇ ಮಗಳನ್ನು ದೇವಿಕೊಪ್ಪಕ್ಕೆ ಕೊಟ್ಟರು. ಕಣ್ಣು ಮಂಜಾದಾಗ ತಾವೇ ಹೋಗಿ ಮಾಲಕರಿಗೆ, “ನಿನ್ನೆ ಮೈಲಿಗಲ್ಲಿನ ನಂಬರ ಕಾಣಲಿಲ್ಲ, ನಾ ಇನ್ನ ಹೊಡಿಯೂದಿಲ್ಲ,” ಎಂದು ಕೀಲಿಕೈ ಒಪ್ಪಿಸಿ ಬಂದರು. ಆಮೇಲೆ ಐದು ಎಕರೆ ಎರೆಭೂಮಿ, ಸಂಜೆ ಹುಲಿಗೆಪ್ಪನ ಅಂಗಡಿ.

೧೯೮೬ರ ಜನವರಿಯಲ್ಲಿ ಊರಿಗೆ ನಿಜವಾದ ಜರ್ಮನಿಯವರೇ ಬಂದರು. ಉರ್ಸುಲಾ ಎಂಬ ಐವತ್ತರ ಸಮೀಪದ ಹೆಂಗಸು, ಕುಸುಬಿ ಬೆಳೆಯ ಅಭ್ಯಾಸಕ್ಕೆ ಧಾರವಾಡಕ್ಕೆ ಬಂದವರು. ನಮ್ಮೂರ ದೊಡ್ಡ ಜಮೀನುದಾರ ಕುಬೇರಪ್ಪ ಉಳ್ಳಾಗಡ್ಡಿಯವರ ಹೊಲದಲ್ಲಿ ಕುಸುಬಿ ಹೂವು ಬಿಟ್ಟು ನಿಂತಿತ್ತು, ಅದನ್ನು ನೋಡಲು ಜೀಪಿನಲ್ಲಿ ಬಂದಿಳಿದರು. ದುಭಾಷಿ ಯಾರು? ನಾನೇ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ. ಕುಸುಬಿಯ ಮುಳ್ಳಿಗೆ ಪ್ಯಾಂಟು ಹರಿಯಿತು, ಆದರೂ ಜಂಬಕ್ಕೇನೂ ಕಡಿಮೆಯಿರಲಿಲ್ಲ.

ಊರಿನವರಿಗೆ ಕುಸುಬಿ ಯಾರಿಗೆ ಬೇಕು? “ಉರಸೂಲವ್ವಾರನ್ನ ಮೊದಲ ಅಂಗಡಿಗೆ ಕರಕೊಂಡ ಬರ್ರಿ,” ಎಂದು ಕುಬೇರಪ್ಪನವರಿಂದ ಹಿಡಿದು ಎಲ್ಲರದೂ ಒಂದೇ ಗಲಾಟೆ. ಹುಲಿಗೆಪ್ಪನ ಅಂಗಡಿಯ ಮುಂದೆ ಬೇವಿನ ಗಿಡದ ಕೆಳಗೆ ನೂರು ಜನ ಸೇರಿದ್ದರು. ಕಾಕಾ ಬಿಳಿಯ ಧೋತರ ಉಟ್ಟು, ಕೋಟಿಗೆ ಮೂರು ಪದಕ ಚುಚ್ಚಿಕೊಂಡು, ಡಬ್ಬಿ ಹಿಡಿದು ನಿಂತಿದ್ದರು. ಸ್ವಲ್ಪ ದೂರದಲ್ಲಿ ಸೆರಗು ಬಿಗಿದುಕೊಂಡು ಶಿವಗಂಗವ್ವನೂ ನಿಂತಿದ್ದರು.

“ನೀವೂ ಬಂದ್ರಿ?” ಎಂದೆ.

“ಬರಬೇಕಲ್ರಿ. ಇವತ್ತ ಫೈಸಲಾ ಆಗ್ಲಿ,” ಎಂದರು.

ಉರ್ಸುಲಾ ಹಾಳೆ ಕೈಗೆ ತೆಗೆದುಕೊಂಡರು. ಮುದ್ರೆಯ ಚಿತ್ರ ನೋಡಿದ್ದೇ ತಡ, ಜೋರಾಗಿ ನಕ್ಕುಬಿಟ್ಟರು. ತಕ್ಷಣ ಬಾಯಿಗೆ ಕೈ ಅಡ್ಡ ಹಿಡಿದರು. ಆಮೇಲೆ ಕನ್ನಡಕ ಏರಿಸಿ ಕೆಳಗಿನ ನಾಲ್ಕು ಸಾಲು ಓದಿದರು. ಓದುತ್ತ ಓದುತ್ತ ನಗು ಹೋಗಿ ಕಣ್ಣು ಒದ್ದೆಯಾಯಿತು. ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳತೊಡಗಿದರು.

ಅವರು ಹೇಳಿದ್ದು ಇಷ್ಟು. ಪ್ರಿಂಟ್ಸ್ ಅನ್ನುವುದು ಜರ್ಮನಿಯಲ್ಲಿ ಒಂದು ಸಾಮಾನ್ಯ ಅಡ್ಡಹೆಸರು, ಅಂದರೆ ಮನೆತನದ ಹೆಸರು. ಈ ಮನುಷ್ಯ ವಾಲ್ಟರ್ ಪ್ರಿಂಟ್ಸ್, ಒಂದು ಸಣ್ಣ ಊರಿನ ಭಟ್ಟಿಯವನು, ಬ್ರೆಡ್ ಸುಟ್ಟು ಮಾರುವವನು. ಗೋಪುರವಲ್ಲ, ಭಟ್ಟಿಯ ಚಿಮಣಿ. ಕಿರೀಟವಲ್ಲ, ಭಟ್ಟಿಯವರ ಟೊಪ್ಪಿಗೆ. ಪ್ರಜೆಗಳು ಬ್ರೆಡ್ಡಿಗೆ ಪಾಳಿ ಹಚ್ಚಿದವರು. ಎರಡು ಸಿಂಹ, ಕಿರೀಟ, ಸುರುಳಿ ಸುತ್ತಿದ ತಿಂಡಿ ಇರುವ ಮುದ್ರೆ ಅಲ್ಲಿನ ಭಟ್ಟಿಯವರ ಸಂಘದ ಗುರುತು. ಉರ್ಸುಲಾ ಅವರ ಅಜ್ಜನ ಅಂಗಡಿಯ ಮೇಲೂ ಅದೇ ಇತ್ತಂತೆ. ತೋಫುಗಳೆಂದರೆ ದಂಡಿನ ಜೊತೆ ಸಾಗುವ ಚಕ್ರದ ಒಲೆಗಳು. ದಿನಕ್ಕೆ ಸಾವಿರ ಗುಂಡು ಎಂದರೆ ಸಾವಿರ ಬ್ರೆಡ್ಡು.

ಸ್ಪೆಲ್ಲಿಂಗ್ ತಪ್ಪಿರಲಿಲ್ಲ, ತಪ್ಪಿದವನು ನಾನು.

“ಏನಂತರಿ ಮಾಸ್ತರ?” ಶಿವಗಂಗವ್ವನ ದನಿ. “ರಾಜಕುಮಾರ ಹೌದೋ, ಅಲ್ಲೋ? ಒಂದ ಮಾತ ಹೇಳ್ರಿ.”

ಕಾಕಾ ನನ್ನನ್ನೇ ನೋಡುತ್ತಿದ್ದರು. ಮಾತಿನಲ್ಲಿ ತಪ್ಪು ಹುಡುಕುವುದೇ ಕಸುಬಾದ ನನಗೆ ಆ ಮುಖದ ಎದುರು ತಪ್ಪು ಹೇಳುವ ಧೈರ್ಯವಾಗಲಿಲ್ಲ. ಬೇವಿನ ಗಿಡದ ಕಡೆ ನೋಡಿಕೊಂಡು, “ಹೌದ್ರಿ, ರಾಜಕುಮಾರನ,” ಎಂದುಬಿಟ್ಟೆ.

ಚಪ್ಪಾಳೆ, ಸೀಟಿ, ಗದ್ದಲ. ಕುಬೇರಪ್ಪನವರು ಉರ್ಸುಲಾ ಅವರಿಗೆ ತಂದ ಮಾಲೆಯನ್ನು ತೆಗೆದು ಕಾಕಾನ ಕೊರಳಿಗೆ ಹಾಕಿದರು. ಉರ್ಸುಲಾ ಏನೂ ತಿಳಿಯದೆ ತಾವೂ ಚಪ್ಪಾಳೆ ಹೊಡೆದರು. ಶಿವಗಂಗವ್ವ ಗಂಡನನ್ನು ಒಂದು ಕ್ಷಣ ನೋಡಿ, “ಆತು ಬಿಡ್ರಿ. ಹೌದು,” ಎಂದರು. ಆಮೇಲೆ ತಿರುಗಿ ಮನೆಗೆ ಹೊರಟರು. ನಲವತ್ತು ವರ್ಷ ಕಾದ ಮಾತು ಅದು. ಕಾಕಾ ಗೆದ್ದರು ಎಂದು ನಾನು ಸಮಾಧಾನ ಮಾಡಿಕೊಂಡೆ.

ಅಂದೇ ಇಳಿಹೊತ್ತಿಗೆ ಕಾಕಾ ನನ್ನ ಕೋಣೆಗೆ ಬಂದರು. ಕೊರಳಲ್ಲಿ ಮಾಲೆ ಇರಲಿಲ್ಲ.

“ಮಾಸ್ತರ, ನೀವು ಸುಳ್ಳ ಹೇಳಿದ್ರಿ.”

“ಯಾರಂದ್ರು?”

“ಯಾರ ಯಾಕ ಅನಬೇಕು? ಆ ಹೆಣಮಗಳು ನಕ್ಕ ನಗಿ ಅರಸರ ಹೆಸರು ಓದಿ ನಗೂ ನಗಿ ಅಲ್ಲ. ಮತ್ತ ನೀವು ಹೌದು ಅನ್ನೂಮುಂದ ಬೇವಿನ ಗಿಡಾ ನೋಡಿದ್ರಿ. ಲಾರಿ ಹೊಡದಾವ್ರಿ ನಾ. ಎದುರಿನ ಗಾಡಿಯವಾ ಯಾ ಕಡೆ ಹೊಳ್ಳತಾನ ಅನ್ನೂದು ಅವನ ಮಾರಿ ನೋಡಿ ಹೇಳತೇನಿ. ಏನ ಬರದಾನ ಅದರಾಗ? ಖರೇ ಹೇಳ್ರಿ.”

ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಎಲ್ಲ ಹೇಳಿದೆ. ಅವರು ಟ್ರಂಕಿನ ಮೇಲೆ ಕೂತು ಕೇಳಿದರು.

“ಅಡ್ಡಹೆಸರು,” ಎಂದರು ಕೊನೆಗೆ. “ಅಂದ್ರ ನಮ್ಮ ಕುಬೇರಪ್ಪ ಉಳ್ಳಾಗಡ್ಡಿ ಇದ್ದಂಗ.”

“ಹೌದ್ರಿ.”

“ನೀವು ಹುಲಿ ಇದ್ದಂಗ.” ಹೇಳಲು ಮರೆತೆ, ನನ್ನ ಅಡ್ಡಹೆಸರು ಹುಲಿ. “ಹುಲಿ ಮಾಸ್ತರ ಬಂದ್ರು ಅಂದ್ರ ನಾ ಯಾವತ್ತೂ ಗಿಡಾ ಏರಿಲ್ಲ. ಅವನ್ನ ಮಾತ್ರ ಅರಸನ ಮಗಾ ಮಾಡಿಬಿಟ್ಟೆ ನೋಡ್ರಿ!” ಎಂದು ನಗತೊಡಗಿದರು. “ದಿನಕ್ಕ ಸಾವಿರ ಗುಂಡು! ಬ್ರೆಡ್ಡು! ಅಯ್ಯಯ್ಯ, ಅದಕ್ಕ ಅವಾ ತೋಫಿಗಾಗಿ ಅತ್ತಾ. ಅನ್ನಾ ಮಾಡೂ ಒಲಿ ಒಡದ್ರ ಯಾರಿಗೆ ಅಳು ಬರೂದಿಲ್ರಿ?” ನನಗೂ ನಗು ತಡೆಯಲಾಗಲಿಲ್ಲ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ನಗು ನಿಂತ ಮೇಲೆ ಕೇಳಿದರು: “ಕೆಳಗ ನಾಕ ಸಾಲು ಏನ?”

“ವಿಳಾಸ ಬರದಾನ್ರಿ, ಚರ್ಚಿನ ಹಿಂದ ಮನಿ ಅಂತ. ಯುದ್ಧಾ ಮುಗದ ಮ್ಯಾಲ ನಮ್ಮ ಮನಿಗೆ ಬಾ, ನೀ ಬದುಕಿರೂತನಕಾ ನಿನಗ ಬ್ರೆಡ್ ಪುಕ್ಕಟೆ. ಬರಾಕ ಆಗದಿದ್ರ ಒಂದ ಕಾಗದಾ ಬರಿ, ಹಾದಿ ನೋಡತಿರತೇನಿ ಅಂತ ಬರದಾನ್ರಿ.”

ಕಾಕಾ ತಲೆ ತಗ್ಗಿಸಿದರು. “ಭಟ್ಟಿಯವಾ ಅಂತ ಗೊತ್ತಿದ್ರ ಬರೀತಿದ್ನಲ್ರೀ ಮಾಸ್ತರ,” ಎಂದರು. “ಅರಸನ ಮಗಾ ಅಂತ ಅಂಜಿ ಕುಂತೆ. ಅವಾ ಹಾದಿ ನೋಡ್ಯಾನ, ನಾ ಇಲ್ಲಿ ಅವನ ಹೆಸರಲೆ ಊರ ತುಂಬ ಬಡಾಯಿ ಕೊಚ್ಚೇನಿ.”

ನನಗೆ ಬಹಳ ಕೆಟ್ಟದೆನಿಸಿತು. ಆ ಒಂದು ಶಬ್ದಕ್ಕೆ ಪ್ರಮಾಣಪತ್ರ ಕೊಟ್ಟವನು ನಾನೂ ಹೌದು. ನಾಳೆಯೇ ಕಾಗದ ಬರೆಯೋಣ, ಉರ್ಸುಲಾ ಅವರ ಕಡೆಯಿಂದ ಜರ್ಮನ್ ಭಾಷೆಯಲ್ಲೇ ಬರೆಸೋಣ ಎಂದೆ. ಅವರು ತಲೆಯಾಡಿಸಿ ಎದ್ದು ನಿಂತರು.

“ನಡೀರಿ, ಮೊದಲ ಮನಿಗೆ ಹೋಗೂಣು. ಅಕಿಗೆ ಹೇಳಬೇಕು.”

“ಯಾಕ್ರಿ ಕಾಕಾ? ಇಷ್ಟು ವರ್ಷದ ಮ್ಯಾಲ ಹೌದು ಅಂದಾರ. ನಾ ಯಾರಿಗೂ ಹೇಳೂದಿಲ್ಲ, ಉರ್ಸುಲಾ ನಾಳಿ ಹೋಗತಾರ. ಇರಲಿ ಬಿಡ್ರಿ.”

“ಅಕಿ ಹೌದು ಅಂದದ್ದು ನಿಮ್ಮ ಸುಳ್ಳಿಗೆ,” ಎಂದರು. “ಅದನ್ನ ಇಟಗೊಂಡ ನಾ ಏನ ಮಾಡ್ಲಿ?”

ಅವರ ಹಿಂದೆ ನಡೆದೆ. ಒಂದು ಮಾತು ಕೇಳಲು ಒಂದು ಜೀವಮಾನ ಕಾದ ಮನುಷ್ಯ, ಸಿಕ್ಕ ದಿನವೇ ಅದನ್ನು ತಿರುಗಿಸಿ ಕೊಡಲು ಬಿರಬಿರನೆ ಹೋಗುತ್ತಿದ್ದರು. ಇನ್ನು ಮೇಲೆ ಆ ಮನೆಯಲ್ಲಿ ಕಾಕಾ ಬಾಯಿ ತೆರೆದರೆ ಸಾಕು, ಶಿವಗಂಗವ್ವ ಭಟ್ಟಿಯವನ ಹೆಸರೆತ್ತಿ ಚುಚ್ಚುತ್ತಾರೆ ಎಂದು ನನಗೆ ಹೆದರಿಕೆಯಾಗಿತ್ತು.

ಶಿವಗಂಗವ್ವ ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದರು. ಕಾಕಾ ಕೂರಲಿಲ್ಲ. ಸಾಹೇಬರ ಮುಂದೆ ನಿಂತ ಹಾಗೆ ನೆಟ್ಟಗೆ ನಿಂತು ಹೇಳಿದರು.

“ಗಂಗಿ, ಮಾಸ್ತರ ನನ್ನ ಮಾರಿ ನೋಡಿ ಸುಳ್ಳ ಹೇಳ್ಯಾರ. ಅವಾ ರಾಜಕುಮಾರ ಅಲ್ಲ. ಪ್ರಿಂಟ್ಸ್ ಅಂತ ಅವನ ಅಡ್ಡಹೆಸರು. ಭಟ್ಟಿಯವಾ. ಬ್ರೆಡ್ ಮಾಡಿ ಮಾರಾವ. ದಂಡಿನ್ಯಾಗೂ ಬ್ರೆಡ್ಡ ಮಾಡತಿದ್ದಾ. ನನಗ ತಿಳೀಲಿಲ್ಲ. ನೀನ ಖರೇ.”

ಮೊರದಲ್ಲಿ ಆಡುತ್ತಿದ್ದ ಕೈ ನಿಂತಿತು. “ಏನಂದ್ರಿ? ಭಟ್ಟಿಯವಾ?”

“ಹೌದು.”

“ನಿಮಗ ಬ್ರೆಡ್ ಮಾಡಿ ಹಾಕಿದಾವ ಅವನ?”

“ಅವನ. ಮೂರು ದಿನಾ.”

ಶಿವಗಂಗವ್ವ ಮೊರ ಕೆಳಗಿಟ್ಟರು.

“ಮಾಸ್ತರ, ನೀವ ಕೇಳ್ರಿ,” ಎಂದು ನನ್ನ ಕಡೆ ತಿರುಗಿದರು. “ಇವರು ಹೋದಾಗ ನಾ ಹದಿನೈದು ವರ್ಷದಾಕಿ. ಕಾಗದಾ ಬರೂದು ನಿಂತ ಮ್ಯಾಲ ದಿನಾ ಉಣ್ಣಾಕ ಕುಂತ್ರ ತುತ್ತು ಇಳೀತಿದ್ದಿಲ್ಲ. ಅಲ್ಲಿ ಇವರಿಗೆ ಯಾರ ಹಾಕ್ಯಾರೋ, ಉಪಾಸ ಕುಂತಾರೋ ಅಂತ. ಇವರು ಬಂದು ಮೊದಲನೇ ತುತ್ತಿಗೆ ಏನಂದ್ರು? ಅರಸನ ಮಗಾ ಮಾಡಿ ಹಾಕಿದಾ ಅಂದ್ರು. ನಾ ಐದು ವರ್ಷ ಅತ್ತೇನಿ, ಇವರು ನನ್ನ ಅಳುವಿಗೆ ಚ್ಯಾಷ್ಟಿ ಮಾಡಾಕತ್ತಾರ ಅನಿಸ್ತು. ಅರಸನ ಮಗಾ ಎಂದಾದ್ರೂ ಲಾರಿ ಹೊಡಿಯಾವಗ ಹಿಟ್ಟ ನಾದಿ ಹಾಕ್ತಾನೇನ್ರಿ? ಇದನ್ನ ಹೆಂಗ ನಂಬಲಿ?”

ಇಷ್ಟು ವರ್ಷದಲ್ಲಿ ಈ ಮಾತು ಕಾಕಾನ ಕಿವಿಗೆ ಬಿದ್ದದ್ದು ಇದೇ ಮೊದಲು. ನನಗೆ ಅಲ್ಲಿ ಇರಬೇಕೋ ಎದ್ದು ಹೋಗಬೇಕೋ ತಿಳಿಯಲಿಲ್ಲ.

ಶಿವಗಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡರು. ಗಂಡನ ಕಡೆ ನೋಡಿ, “ಭಟ್ಟಿಯವಾ ಹಾಕಿದಾ ಅಂದ್ರ ಹೌದು,” ಎಂದರು. “ದುಡದ ತಿನ್ನಾವಗ ಇನ್ನೊಬ್ಬನ ಹೊಟ್ಟಿ ಗೊತ್ತಾಗತೈತಿ. ಪುಣ್ಯಾತ್ಮ. ನಾಳಿ ಅವಗ ಕಾಗದಾ ಬರಿಯೂಮುಂದ ನನ್ನ ಶರಣೂ ಬರಸ್ರಿ. ಈಗ ಕುಂದರ್ರಿ, ಹೇಳ್ರಿ.”

“ಏನ ಹೇಳ್ಲಿ?”

“ಏನ ಅಂದ್ರ? ಕತಿ. ಊರಿಗೆಲ್ಲಾ ಹೇಳೀರಿ, ನನಗ ಹೇಳ್ರಿ.”

ಈರಬಸಪ್ಪ ಕಾಕಾ ಕೂತರು. ಗಂಟಲು ಸರಿಮಾಡಿಕೊಂಡರು. ಸಾವಿರ ಸಲ ಹೇಳಿದ ಕತೆ. ಎಲ್ಲಿಂದ ಶುರು ಮಾಡಬೇಕೆಂದು ತೋಚದೆ ನನ್ನ ಮುಖ ನೋಡಿದರು, ಗೋಡೆ ನೋಡಿದರು.

“ಗುಡ್ಡದ ಹಾದ್ಯಾಗ ಲಾರಿ ಅಚ್ಚು ಮುರೀತಲ್ರಿ,” ಎಂದರು ಶಿವಗಂಗವ್ವ, “ಮುಂದಿನ ಲಾರಿ ಎಲ್ಲಾ ಹೋಗಿಬಿಟ್ವು, ನಿಮ್ಮಿಬ್ಬರನ್ನ ಬಿಟ್ಟು. ಅಲ್ಲಿಂದ ಹೇಳ್ರಿ.”